ನೆಟ್ಟಗಾದ ನಲವತ್ತು ಬೆಣೆಗಳು

ಬೆಳಗಿನ ಐದು ಗಂಟೆ. ಕ್ಲಬ್ಬಿನ ಕೋವಿ ಕೋಣೆಯ ಟ್ಯೂಬ್‌ಲೈಟು ಎರಡು ಸಲ ಮಿಟುಕಿ, ಮೂರನೆಯ ಸಲ ಮನಸ್ಸು ಮಾಡಿ ಹತ್ತಿಕೊಳ್ಳುತ್ತದೆ. ಗಂಡನ ಹಳೆಯ ಅಂಗಿಯೊಂದನ್ನು ಮೇಲೆ ತೊಟ್ಟು ತೋಳು ಮಡಚಿಕೊಂಡ ಅರವತ್ತರ ಹೆಂಗಸೊಬ್ಬರು ಮೇಜಿನ ಡ್ರಾಯರ್ ಎಳೆದು ಒಂದು ಮರದ ಹಲಗೆಯನ್ನು ಹೊರತೆಗೆಯುತ್ತಾರೆ. ಹಲಗೆಯಲ್ಲಿ ನಲವತ್ತು ಸೀಳುಗಳು, ಪ್ರತಿ ಸೀಳಿಗೂ ಒಂದು ನಂಬರು, ಪ್ರತಿ ಸೀಳಿನಲ್ಲೂ ಬೆರಳುದ್ದದ ಒಂದು ಚಪ್ಪಟೆ ಕಬ್ಬಿಣದ ಬೆಣೆ. ಮೊದಲನೆಯದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಎರಡನೆಯದನ್ನೂ ನೋಡುತ್ತಾರೆ. ಏಳನೆಯದನ್ನು ನೋಡಿದ ಮೇಲೆ ಸ್ಟೂಲು ಎಳೆದುಕೊಂಡು ಕೂತುಬಿಡುತ್ತಾರೆ.

"ಇವೆಲ್ಲ ಯಾಕೆ ನೆಟ್ಟಗಾಗಿವೆ?" ಎಂದು ನನ್ನನ್ನು ಕೇಳುತ್ತಾರೆ.

ನಾನು ಪುರವಣಿಗೆ ಲೇಖನ ಬರೆಯಲು ಬಂದವನು. ನಾಲ್ಕು ಗಂಟೆಗೆ ಎದ್ದು, ಹಲ್ಲುಜ್ಜಿದೆನೋ ಇಲ್ಲವೋ ಎಂಬ ಅನುಮಾನದಲ್ಲೇ ಇಲ್ಲಿಗೆ ತಲುಪಿದ್ದೇನೆ. ನೆಟ್ಟಗಿದ್ದರೆ ಒಳ್ಳೆಯದಲ್ಲವೇ ಅಕ್ಕ, ಎನ್ನುತ್ತೇನೆ. ಹಾಲಿಗೆ ಹುಳಿ ಹಿಂಡಿದ ನೆಂಟನನ್ನು ಮನೆಯಾಕೆ ನೋಡುವಂತೆ ಅವರು ನನ್ನನ್ನು ನೋಡುತ್ತಾರೆ. ಹೇಳಿದ್ದು ತಪ್ಪೆಂದು ನನಗೆ ಗೊತ್ತಾಗುತ್ತದೆ. ಏನು ತಪ್ಪೆಂದು ಗೊತ್ತಾಗಲು ಇನ್ನೂ ಅರ್ಧ ಗಂಟೆ ಬೇಕಾಗುತ್ತದೆ.

ಕ್ಲಬ್ಬಿನಲ್ಲಿ ಎಲ್ಲರೂ ಇವರನ್ನು ಬೆಣೆಯಕ್ಕ ಎಂದೇ ಕರೆಯುತ್ತಾರೆ. ಮನೆಯಲ್ಲಿ ಬೇರೆ ಹೆಸರಿದೆ. ಅದನ್ನು ಬರೆಯಬೇಡಿ, ಬರೆದರೆ ಓದಿದವರು ಯಾರೋ ಬೇರೆಯವರು ಎಂದುಕೊಳ್ಳುತ್ತಾರೆ ಎಂದು ಮೊದಲೇ ಎಚ್ಚರಿಸಿದ್ದಾರೆ.

ಈ ಕ್ಲಬ್ಬಿನವರು ಇಂದಿನ ಬಂದೂಕುಗಳನ್ನು ಮುಟ್ಟುವವರಲ್ಲ. ಇವರದೇನಿದ್ದರೂ ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡಿಟ್ಟು, ಗಜವೆಂಬ ಉದ್ದನೆಯ ಸಲಾಕೆಯಿಂದ ಜಡಿದು ಹೊಡೆಯುವ ಮುತ್ತಜ್ಜನ ಕಾಲದ ಕೋವಿಗಳು. ಗುರಿ, ಕಾಗದದ ಮೇಲಿನ ಕಪ್ಪು ವೃತ್ತ. ಒಂದು ಗುಂಡು ಹೊಡೆದು ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಪಕ್ಕದವರು ಒಂದು ಲೋಟ ಚಹಾ ಕುಡಿದು ಮುಗಿಸಬಹುದು, ಹಲವರು ಮುಗಿಸುತ್ತಾರೆ ಕೂಡ. ಒಟ್ಟು ಇಪ್ಪತ್ತು ಕೋವಿಗಳಿವೆ. ಎಲ್ಲವೂ ಕ್ಲಬ್ಬಿನ ಆಸ್ತಿ, ಎಲ್ಲವೂ ಬೆಣೆಯಕ್ಕನ ಸುಪರ್ದಿಯಲ್ಲಿ.

ಇಂಥ ಕೋವಿಯ ಕಬ್ಬಿಣದ ನಳಿಗೆ ಉದ್ದನೆಯ ಮರದ ತೊಟ್ಟಿಲೊಂದರಲ್ಲಿ ಮಲಗಿರುತ್ತದೆ. ಹಿಂದುಗಡೆ ಒಂದು ಕೊಕ್ಕೆ. ಮುಂದುಗಡೆ, ನಳಿಗೆಯ ಹೊಟ್ಟೆಯಡಿಯಲ್ಲಿ, ಎರಡು ಕಬ್ಬಿಣದ ಕಿವಿಗಳು. ಮರದ ಒಂದು ಪಕ್ಕದಿಂದ ಬೆಣೆ ತೂರಿಸಿದರೆ ಅದು ಕಿವಿಯೊಳಗೆ ಹಾದು ಇನ್ನೊಂದು ಪಕ್ಕದಲ್ಲಿ ಮೂಗು ತೋರಿಸುತ್ತದೆ. ಸ್ಕ್ರೂ ಇಲ್ಲ, ಅಂಟಿಲ್ಲ. ಅಷ್ಟೊಂದು ಸದ್ದು, ಹೊಗೆ, ಭುಜಕ್ಕೆ ಬೀಳುವ ಒದೆತ ಎಲ್ಲವನ್ನೂ ತಾಳಿಕೊಂಡು ನಳಿಗೆಯನ್ನು ಮರಕ್ಕೆ ಹಿಡಿದಿಡುವುದು ಕೋವಿಗೆ ಎರಡರಂತೆ ಇರುವ ಈ ಬೆಣೆಗಳೇ. ಹೊಡೆದ ದಿನವೇ ನಳಿಗೆಯನ್ನು ನೀರಿನಲ್ಲಿ ತೊಳೆಯದಿದ್ದರೆ ಮದ್ದಿನ ಮಸಿ ಅದನ್ನು ತಿಂದುಹಾಕುತ್ತದೆ. ಹಾಗಾಗಿ ಪ್ರತಿ ಸಲವೂ ಬೆಣೆ ಕಿತ್ತು, ನಳಿಗೆ ಎತ್ತಿ, ತೊಳೆದು, ಒಣಗಿಸಿ, ಮತ್ತೆ ಬೆಣೆ ಹಾಕಬೇಕು. ಹಾಕಿ ತೆಗೆದು, ಹಾಕಿ ತೆಗೆದು ತೂತು ಸವೆಯುತ್ತದೆ. ಸಡಿಲವಾದ ಬೆಣೆ ಪ್ರತಿ ಒದೆತಕ್ಕೂ ಕೂದಲೆಳೆಯಷ್ಟು ಹೊರಗೆ ಸರಿಯುತ್ತ, ಒಂದು ದಿನ ಯಾರಿಗೂ ಹೇಳದೆ ಹುಲ್ಲಿಗೆ ಬೀಳುತ್ತದೆ. ಒಂದು ಬಿದ್ದರೂ ನಳಿಗೆ ಅಲುಗುತ್ತದೆ, ಗುಂಡು ತನಗೆ ತೋಚಿದ ಕಡೆ ಹೋಗುತ್ತದೆ. ಸ್ಪರ್ಧೆಯಲ್ಲಿ ಯಾರ ಕೋವಿಯ ಬೆಣೆ ಬೀಳುತ್ತದೋ ಅವರು ಆ ವರ್ಷಕ್ಕೆ ಹೊರಗೆ ಎಂಬ ನಿಯಮ ಬಂದದ್ದು ಇದಕ್ಕೇ.

ಬೀಳದಂತೆ ನೋಡಿಕೊಳ್ಳುವುದು ಬೆಣೆಯಕ್ಕನ ಕೆಲಸ. ಉಪಾಯ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಬೆಣೆಯ ಎರಡು ತುದಿಗಳನ್ನು ಎರಡು ಮರದ ತುಂಡುಗಳ ಮೇಲಿಟ್ಟು, ನಡುವೆ ಪುಟ್ಟ ಸುತ್ತಿಗೆಯಿಂದ ಒಂದು ಏಟು. ಕಂಡೂ ಕಾಣದಷ್ಟು ಬಾಗುತ್ತದೆ. ಆ ಬಾಗು ತೂತಿನೊಳಗೆ ಒತ್ತಿ ಹಿಡಿಯುತ್ತದೆ. ಹೆಚ್ಚಾದರೆ ಮರ ಸೀಳುತ್ತದೆ, ಕಡಿಮೆಯಾದರೆ ಬೆಣೆ ಜಾರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಅಲುಗಬಾರದು, ಮರದ ಸುತ್ತಿಗೆಯ ಒಂದೇ ಏಟಿಗೆ ಹೊರಡಬೇಕು. ಅಳತೆ ಅಂತ ಇರುವುದು ಇದೊಂದೇ. ನಲವತ್ತು ಬೆಣೆಗಳಿಗೂ ಅವುಗಳದೇ ಆದ ಸೊಟ್ಟ, ಒಂದರದು ಇನ್ನೊಂದಕ್ಕೆ ಆಗುವುದಿಲ್ಲ.

"ನೆಟ್ಟಗಿರೋದು ಜಾರುತ್ತೆ. ಸ್ವಲ್ಪ ಸೊಟ್ಟ ಇರೋದು ಹಿಡ್ಕೊಳ್ಳುತ್ತೆ. ನಮ್ಮನೆಯವರನ್ನೇ ನೋಡಿ, ನಲವತ್ತು ವರ್ಷ ಆಯ್ತು, ಎಲ್ಲಿಗೂ ಹೋಗಿಲ್ಲ" ಎನ್ನುತ್ತಾರೆ.

ಈ ವಿದ್ಯೆ ಬಂದದ್ದು ಮಾವನಿಂದ. ಮಾವನಿಗೆ ಕನ್ನಡಕ ರಿಪೇರಿ ಅಂಗಡಿಯಿತ್ತು. ಮದುವೆಯಾದ ಮೂರನೇ ತಿಂಗಳಿಗೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕನ್ನಡಕದ ಕಡ್ಡಿಗಳನ್ನು ಕಿವಿಗೆ ತಕ್ಕಂತೆ ಬಗ್ಗಿಸುವುದನ್ನು ಕಲಿಸಿದರು. ಮೂಗು ನೋಡಿ ಮನುಷ್ಯನನ್ನು ಅಳೆಯಬೇಡ, ಕಿವಿ ನೋಡಿ ಅಳೆ ಎಂಬುದು ಅವರ ಉಪದೇಶ. ಕಡ್ಡಿ ಬಿಗಿಯಾದರೆ ತಲೆನೋವು, ಸಡಿಲವಾದರೆ ಸಾರಿನ ತಟ್ಟೆಗೆ ಕನ್ನಡಕ. ಇಪ್ಪತ್ತನಾಲ್ಕು ವರ್ಷ ಊರಿನ ಕಿವಿಗಳನ್ನೆಲ್ಲ ಕೈಯಲ್ಲಿ ಹಿಡಿದ ಮೇಲೆ, ಮುರಿದರೆ ಎಸೆದು ಹೊಸದು ಕೊಳ್ಳುವ ಪ್ಲಾಸ್ಟಿಕ್ ಚೌಕಟ್ಟುಗಳು ಬಂದವು. ಅಂಗಡಿಗೆ ಬೀಗ ಬಿತ್ತು. ಗಂಡ ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟ್ ಓಡಿಸುತ್ತಿದ್ದವರು. ಮೂವತ್ತು ವರ್ಷ ಮೇಲೆ ಕೆಳಗೆ ಓಡಾಡಿ ಎಲ್ಲಿಗೂ ತಲುಪದ ಮನುಷ್ಯ ಎಂದು ಹೆಂಡತಿ ಛೇಡಿಸುತ್ತಾರೆ. ಜನ ತಾವೇ ಗುಂಡಿ ಒತ್ತುವ ಲಿಫ್ಟ್ ಬಂದ ಮೇಲೆ ಅವರೂ ಮನೆಗೆ ಬಂದರು.

ಆಗ ಕ್ಲಬ್ಬಿನ ಹಳೆಯ ಕೋವಿ ರಿಪೇರಿಯವರು, ಅಂಗಡಿಯ ಹಳೆಯ ಗಿರಾಕಿ, ಬೆಣೆಗಳ ಹಲಗೆಯನ್ನು ಇವರ ಕೈಗಿಟ್ಟರು. ಅದಾಗಿ ಹನ್ನೊಂದು ವರ್ಷ. ಅಭ್ಯಾಸದ ದಿನ ನಲವತ್ತು ಬೆಣೆ ಹಾಕುವುದು, ನಲವತ್ತು ಬೆಣೆ ತೆಗೆಯುವುದು, ಇಪ್ಪತ್ತು ನಳಿಗೆ ತೊಳೆಸುವುದು. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ, ಎರಡಕ್ಕೂ ಬೆಣೆ ಬೇರೆ ಬೇರೆಯಾಗಿ ಬಗ್ಗಬೇಕು. ಗುರಿ ತಪ್ಪಿದವರು ಬಂದು ಬೆಣೆ ಸರಿಯಿಲ್ಲ ಎಂದು ದೂರುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬೆಣೆಯಕ್ಕ ಬೆಣೆ ತೆಗೆದು, ಅದನ್ನೇ ಮತ್ತೆ ಹಾಕಿ ಕೊಡುತ್ತಾರೆ. ಈಗ ಸರಿಹೋಯ್ತು ಎಂದು ಅವರು ಖುಷಿಯಾಗಿ ಹೋಗುತ್ತಾರೆ. ಹನ್ನೊಂದು ವರ್ಷದಲ್ಲಿ ಸ್ಪರ್ಧೆಯ ಸಾಲಿನಲ್ಲಿ ಬಿದ್ದ ಬೆಣೆಗಳ ಸಂಖ್ಯೆ ಸೊನ್ನೆ.

ತೊಂದರೆ ಶುರುವಾದದ್ದು ಈ ಸೊನ್ನೆಯಿಂದಲೇ. ಬೆಣೆ ಬೀಳುವುದೇ ಇಲ್ಲವಲ್ಲ, ಮತ್ತೆ ಅದನ್ನು ನೋಡಿಕೊಳ್ಳಲು ಒಬ್ಬರು ಯಾಕೆ ಎಂಬ ಪ್ರಶ್ನೆ ಕಮಿಟಿಯಲ್ಲಿ ಎದ್ದಿದೆ. ಎತ್ತಿದವರು ಆರು ತಿಂಗಳ ಹಿಂದೆ ಕಾರ್ಯದರ್ಶಿಯಾದ ನಿವೃತ್ತ ಹೆಡ್‌ಮೇಷ್ಟ್ರು. ಪ್ರತಿ ಬೆಣೆಯಲ್ಲೂ ಒಂದು ಉದ್ದನೆಯ ಸೀಳು ಕೊರೆಸಿ, ಮರಕ್ಕೆ ಒಂದು ಪಿನ್ನು ಹೊಡೆಸಿದರೆ ಬೆಣೆ ಸರಿದರೂ ಪಿನ್ನಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಒಂದು ಸಲ ಮಾಡಿಸಿದರೆ ಮುಗಿಯಿತು, ಆಮೇಲೆ ಯಾರೂ ಬೇಡ. ಇದು ಅವರ ಪ್ರಸ್ತಾಪ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ವಾರ್ಷಿಕ ಸ್ಪರ್ಧೆ, ಮಧ್ಯಾಹ್ನ ಮೂರಕ್ಕೆ ಪ್ರಸ್ತಾಪದ ಮೇಲೆ ಸಭೆ. ಕನ್ನಡಕ ಹೋಯಿತು, ಲಿಫ್ಟ್ ಹೋಯಿತು. ಬೆಣೆಯೂ ಹೋದರೆ ಈ ಮನೆಗೆ ಇದು ಮೂರನೆಯ ಸಲ. "ನಮ್ಮ ಕೈಗೆ ಬಂದ ಕೆಲಸಕ್ಕೆಲ್ಲ ಆಮೇಲೆ ಕೈ ಬೇಡವಾಗುತ್ತೆ" ಎಂದು ನಗುತ್ತಲೇ ಹೇಳಿದರೂ, ಹೇಳುವಾಗ ಸುತ್ತಿಗೆಯನ್ನು ಕೈಯಿಂದ ಕೈಗೆ ಬದಲಾಯಿಸುತ್ತಾರೆ.

ಈ ದಿನವೇ ನಲವತ್ತೂ ಬೆಣೆಗಳು ಸ್ಕೇಲಿನಂತೆ ನೆಟ್ಟಗೆ ಮಲಗಿವೆ. ಹಲಗೆಯ ಕೆಳಗೆ ಒಂದು ಚೀಟಿ ಸಿಗುತ್ತದೆ. ಮುತ್ತಿನಂಥ ಅಕ್ಷರ. "ತಪಾಸಣೆಯ ವೇಳೆ ಎಲ್ಲ ಬೆಣೆಗಳೂ ಬಾಗಿರುವುದು ಕಂಡುಬಂತು. ಖುದ್ದಾಗಿ ನೆಟ್ಟಗೆ ಮಾಡಿಡಲಾಗಿದೆ. ಕಾರ್ಯದರ್ಶಿ."

ಐದೂವರೆಗೆ ಮೇಷ್ಟ್ರೇ ಬರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜು. ನಿನ್ನೆ ಸಂಜೆ ನಾಲ್ಕು ಗಂಟೆ ಕಾಲ ಕಬ್ಬಿಣದ ದಿಮ್ಮಿಯ ಮುಂದೆ ಕೂತು, ಜೀವನದಲ್ಲಿ ಮೊದಲ ಸಲ ಸುತ್ತಿಗೆ ಹಿಡಿದು ಈ ಸೇವೆ ಮಾಡಿದ್ದಾರೆ. ಬಾಗಿಲಲ್ಲಿ ನಿಂತು, ಧನ್ಯವಾದ ಬರಲಿ ಎಂದು ಕಾಯುವವರ ಮುಖ ಮಾಡಿಕೊಂಡಿದ್ದಾರೆ.

"ಮೇಷ್ಟ್ರೇ, ಅವನ್ನ ಸೊಟ್ಟ ಮಾಡಿದ್ದು ನಾನೇ."

"ಎಲ್ಲವನ್ನೂ?"

"ಎಲ್ಲಾನೂ. ಹನ್ನೊಂದು ವರ್ಷದಿಂದ."

ಮೇಷ್ಟ್ರು ನನ್ನ ಮುಖ ನೋಡುತ್ತಾರೆ. ನಾನು ಪುಸ್ತಕದಲ್ಲಿ ಏನೋ ಬರೆದುಕೊಳ್ಳುವವನಂತೆ ತಲೆ ತಗ್ಗಿಸುತ್ತೇನೆ. ಬೆಣೆಯಕ್ಕ ಒಂದು ಬೆಣೆಯನ್ನು ಹಾಗೆಯೇ ಕೋವಿಗೆ ಹಾಕಿ, ಹೆಬ್ಬೆರಳಿನಿಂದ ಮುಟ್ಟುತ್ತಾರೆ. ಅದು ಇನ್ನೊಂದು ಪಕ್ಕದಿಂದ ನೆಲಕ್ಕೆ ಬಿದ್ದು ಟಿಣ್ ಎನ್ನುತ್ತದೆ. ವಿವರಣೆ ಬೇಕಾಗುವುದಿಲ್ಲ. ಮೇಷ್ಟ್ರು ಸ್ಟೂಲಿಗಾಗಿ ಕೈ ಹಿಂದೆ ಚಾಚುತ್ತಾರೆ, ಅಲ್ಲಿ ಸ್ಟೂಲು ಇರುವುದಿಲ್ಲ, ಮದ್ದಿನ ಖಾಲಿ ಡಬ್ಬದ ಮೇಲೆ ಕೂರುತ್ತಾರೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದವರ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಬೆಣೆಯಕ್ಕ ರೇಗುವುದಿಲ್ಲ. ನಂಬರು ಒಂದೂ ಅದಲುಬದಲಾಗಿಲ್ಲ, ಅಷ್ಟು ಪುಣ್ಯ ಕಟ್ಟಿಕೊಂಡಿದ್ದೀರಿ ಎನ್ನುತ್ತಾರೆ. ಮೂರೂವರೆ ಗಂಟೆ, ನಲವತ್ತು ಬೆಣೆ, ಒಂದಕ್ಕೆ ಐದೇಕಾಲು ನಿಮಿಷ ಎಂದು ಮೇಷ್ಟ್ರು ಬಾಯಿಲೆಕ್ಕ ಹಾಕುತ್ತಾರೆ. ಲೆಕ್ಕ ಆಮೇಲೆ ಮಾಡಿ, ಈಗ ಕೂತ್ಕೊಳ್ಳಿ ಎಂದು ಅವರ ಕೈಗೂ ಒಂದು ಸುತ್ತಿಗೆ ಬರುತ್ತದೆ. ನನ್ನ ಪಾಲಿಗೆ ಕೋವಿ ಹಿಡಿದು ನಿಲ್ಲುವ ಕೆಲಸ.

ಎಷ್ಟು ಬಗ್ಗಿಸಬೇಕು ಎಂದು ಮೇಷ್ಟ್ರು ಕೇಳುತ್ತಾರೆ. ಸ್ವಲ್ಪ, ಎಂದು ಉತ್ತರ. ಸ್ವಲ್ಪ ಎಂದರೆ ಎಷ್ಟು? ಹಿಡಿದುಕೊಳ್ಳುವಷ್ಟು. ಎಷ್ಟಾದರೆ ಹಿಡಿದುಕೊಳ್ಳುತ್ತದೆ? ಸ್ವಲ್ಪ. ಮೇಷ್ಟ್ರ ಮೊದಲ ಬೆಣೆ ಬಿಲ್ಲಿನಂತಾಗುತ್ತದೆ. ಎರಡನೆಯದಕ್ಕೆ ಹೆದರಿ ಹೊಡೆಯುತ್ತಾರೆ, ಅದು ಬಗ್ಗುವುದೇ ಇಲ್ಲ. ಬಡಪೆಟ್ಟಿಗೆ ಬಗ್ಗುವ ಆಸಾಮಿಯಲ್ಲ ಅದು, ಮನಸ್ಸಿಟ್ಟು ಹೊಡೀರಿ ಎಂದು ಅಕ್ಕ ಹೇಳಿಕೊಡುತ್ತಾರೆ. ತಮ್ಮ ಪಾಡಿಗೆ ತಾವು ಹೊಡೆಯುತ್ತಾರೆ, ತೂರಿಸುತ್ತಾರೆ, ಹೆಬ್ಬೆರಳಿಡುತ್ತಾರೆ, ತೆಗೆಯುತ್ತಾರೆ, ಇನ್ನೊಂದು ಏಟು ಹಾಕುತ್ತಾರೆ. ಕಣ್ಣು ಬೆಣೆಯ ಮೇಲಿರುವುದಿಲ್ಲ, ಗೋಡೆಯ ಮೇಲಿರುತ್ತದೆ. ಕಿವಿಯಿಂದ ಕೆಲಸ ಮಾಡುತ್ತಿದ್ದಾರೆ ಎಂದು ನನಗೆ ನಿಧಾನವಾಗಿ ಹೊಳೆಯುತ್ತದೆ. ಬೆಣೆ ಸರಿಯಾಗಿ ಕೂತಾಗ ಸದ್ದು ಚಿಕ್ಕದಾಗುತ್ತದೆ.

ಏಳಕ್ಕೆ ಗಂಡ ಫ್ಲಾಸ್ಕಿನಲ್ಲಿ ಚಹಾ, ಪೊಟ್ಟಣದಲ್ಲಿ ಬ್ರೆಡ್ಡು ಹಿಡಿದು ಬರುತ್ತಾರೆ. ನಡೆದದ್ದನ್ನು ಕೇಳಿ, ಒಂದು ಸಲ ನಾನೂ ಲಿಫ್ಟಿನ ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಹಾಕಿಬಿಟ್ಟಿದ್ದೆ, ಆ ಸದ್ದು ಕೇಳಿಯೇ ಎದ್ದು ಕೂರುತ್ತಿದ್ದ ಗುಮಾಸ್ತರೆಲ್ಲ ಅವತ್ತು ಸಾಹೇಬರ ಕೈಗೆ ಸಿಕ್ಕಿಬಿದ್ದರು ಎಂದು ಮೇಷ್ಟ್ರನ್ನು ಸಮಾಧಾನಪಡಿಸುತ್ತಾರೆ. ಬೆಣೆಯಕ್ಕ ತಲೆಯೆತ್ತದೆ ಹೇಳುತ್ತಾರೆ, "ರೀ, ಚಹಾ ಬಗ್ಗಿಸಿ. ಕಥೆ ಬೇಡ."

ಒಂಬತ್ತಕ್ಕೆ ಐದು ನಿಮಿಷವಿರುವಾಗ ನಲವತ್ತೂ ಮುಗಿಯುತ್ತವೆ. ಅಕ್ಕನ ಕೈಯದು ಮೂವತ್ತೈದು, ಮೇಷ್ಟ್ರ ಕೈಯದು ಐದು. ಎಲ್ಲಕ್ಕೂ ಅಕ್ಕ ಒಂದೊಂದು ಸಲ ಹೆಬ್ಬೆರಳಿಟ್ಟು ಬಿಡುತ್ತಾರೆ. ಹೆಬ್ಬೆರಳು ಅಷ್ಟು ಹೊತ್ತಿಗೆ ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ.

ಮೊದಲೆರಡು ಸುತ್ತು ಸರಾಗವಾಗಿ ಸಾಗುತ್ತವೆ. ಮೂರನೆಯ ಸುತ್ತಿನಲ್ಲಿ, ಹದಿನಾಲ್ಕನೇ ನಂಬರಿನ ಕೋವಿಯ ಹೊಗೆ ತಿಳಿಯಾಗುವಾಗ, ಹುಲ್ಲಿನಲ್ಲಿ ಏನೋ ಮಿಂಚುತ್ತದೆ. ಹೊಡೆದವರು ಒಬ್ಬ ದಂತವೈದ್ಯೆ, ಕಮಿಟಿಯ ಸದಸ್ಯೆ, ಎರಡು ಸುತ್ತು ಮುಗಿದಾಗ ಎಲ್ಲರಿಗಿಂತ ಮುಂದಿದ್ದವರು. ತೀರ್ಪುಗಾರರು ಕೆಂಪು ಬಾವುಟ ಎತ್ತುತ್ತಾರೆ. ಹನ್ನೊಂದು ವರ್ಷದ ಸೊನ್ನೆ ಅಲ್ಲಿಗೆ ಒಂದಾಗುತ್ತದೆ. ಡಾಕ್ಟರು ಮಸಿ ಮೆತ್ತಿದ ಮುಖದಲ್ಲಿ, ರೋಗಿಗಳಿಗೆ ಮಾಡಬೇಡಿ ಎಂದು ಹೇಳುವ ರೀತಿಯಲ್ಲೇ ಹಲ್ಲು ಕಡಿಯುತ್ತ, ಇದನ್ನು ನೋಡಿ ಸರಿಯೆಂದು ಬಿಟ್ಟವರು ಯಾರು ಎಂದು ಕೇಳುತ್ತಾರೆ.

ಮೇಷ್ಟ್ರು ಬ್ಯಾಂಡೇಜಿನ ಕೈಯನ್ನು ತರಗತಿಯ ಹುಡುಗನಂತೆ ಮೇಲೆತ್ತುತ್ತಾರೆ. ಅದು ಅವರ ಐದರಲ್ಲಿ ಒಂದು. ಅಷ್ಟರಲ್ಲಿ ಬೆಣೆಯಕ್ಕ ಮುಂದೆ ಬಂದಾಗಿದೆ.

"ಬಗ್ಗಿಸಿದ್ದು ನೀವಿರಬಹುದು ಮೇಷ್ಟ್ರೇ. ಸರಿ ಅಂತ ಹೆಬ್ಬೆರಳಿಟ್ಟಿದ್ದು ನಾನು. ತಪ್ಪು ನಂದು" ಎನ್ನುತ್ತಾರೆ. ಬಗ್ಗಿ ಬೆಣೆ ಎತ್ತಿಕೊಂಡು, ಅಂಗಿಗೆ ಒರೆಸಿ, ಜೇಬಿಗೆ ಹಾಕಿಕೊಳ್ಳುತ್ತಾರೆ. ಉಳಿದ ಹತ್ತೊಂಬತ್ತು ಕೋವಿಗಳು ಐದು ಸುತ್ತನ್ನೂ ಮುಗಿಸುತ್ತವೆ. ಗೆದ್ದವರು ಯಾರೆಂದು ನಾನು ಬರೆದುಕೊಳ್ಳಲು ಮರೆತಿದ್ದೇನೆ, ಅವರು ಕ್ಷಮಿಸಬೇಕು.

ಮೂರು ಗಂಟೆಯ ಸಭೆಗೆ ನನಗೆ ಪ್ರವೇಶವಿಲ್ಲ. ನಾನೂ ಅಕ್ಕನ ಗಂಡನೂ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೇವೆ. ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಪತ್ರಿಕಾವೃತ್ತಿ ಬದುಕಿರುವುದೇ ಇಂಥ ಬಾಗಿಲುಗಳಿಂದ. ಅಕ್ಕ ಕೋವಿ ಕೋಣೆಯಲ್ಲಿ ನಳಿಗೆ ತೊಳೆಸುತ್ತಿದ್ದಾರೆ. ಬೆಣೆ ಬಿದ್ದ ದಿನವೇ ಬೆಣೆಯವರ ಕೆಲಸದ ಬಗ್ಗೆ ತೀರ್ಮಾನ. ಗಂಡ ಇಲ್ಲದ ಗುಂಡಿಯನ್ನು ಒತ್ತುವಂತೆ ಬೆಂಚಿನ ಅಂಚನ್ನು ಬೆರಳಿನಿಂದ ಒತ್ತುತ್ತಿರುತ್ತಾರೆ.

ಒಳಗೆ ಮೇಷ್ಟ್ರು ಎದ್ದು ನಿಲ್ಲುತ್ತಾರೆ. ಪ್ರಸ್ತಾಪ ಮಂಡಿಸಬೇಕಾದವರು ಅದನ್ನು ವಾಪಸ್ ಪಡೆಯುತ್ತೇನೆ ಎಂದು ಒಂದು ಮಾತಿನಲ್ಲಿ ಹೇಳಬಹುದಿತ್ತು. ಮೇಷ್ಟ್ರು ನಲವತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಪಿನ್ನು ಹೊಡೆದರೆ ಬೆಣೆ ಬೀಳುವುದಿಲ್ಲ ನಿಜ, ಆದರೆ ಹಿಡಿಯುವುದೂ ಇಲ್ಲ, ಲೋಲಾಕಿನಂತೆ ನೇತಾಡುತ್ತದೆ, ನಳಿಗೆ ಒಳಗೇ ಅಲ್ಲಾಡುತ್ತಿರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ ಎಂದು ವಿವರಿಸುತ್ತಾರೆ. ಆಮೇಲೆ ಮೂವತ್ತಾರು ವರ್ಷ ಮಕ್ಕಳ ಗೆರೆ ಸೊಟ್ಟಗಿದೆ ಎಂದು ಅಂಕ ಕಳೆದದ್ದು, ಬೆಂಚಿನ ಮೇಲೆ ನಿಲ್ಲಿಸಿದ್ದು ಎಲ್ಲ ಹೊರಬರುತ್ತದೆ. ಅಧ್ಯಕ್ಷರು ಎರಡು ಸಲ ಕೆಮ್ಮುತ್ತಾರೆ. ಯಾರೋ ಕುರ್ಚಿ ಎಳೆದ ಸದ್ದು ಕೇಳಿಸುತ್ತದೆ. ಕೊನೆಗೆ ದಂತವೈದ್ಯೆಯ ದನಿ. ಮುಂದಿನ ವರ್ಷ ತನಗೆ ಗೆಲುವಿನ ಕಪ್ ಬೇಕು, ಅದಕ್ಕೆ ಬೆಣೆಯಕ್ಕ ಬೇಕು, ಮೇಷ್ಟ್ರು ಸುತ್ತಿಗೆಯಿಂದ ಹತ್ತಡಿ ದೂರವಿರಬೇಕು, ಇಷ್ಟನ್ನು ಠರಾವು ಮಾಡಿ ಎಂದು ಅವರು ಹೇಳುತ್ತಾರೆ. ಮೇಷ್ಟ್ರ ಭಾಷಣ ಇನ್ನೂ ಉಳಿದಿರಬಹುದು ಎಂಬ ಹೆದರಿಕೆಗೋ ಏನೋ, ಎಲ್ಲರೂ ಒಟ್ಟಿಗೆ ಕೈಯೆತ್ತುತ್ತಾರೆ.

ಅಧ್ಯಕ್ಷರದು ಒಂದೇ ಷರತ್ತು. ಬೆಣೆಯಕ್ಕನಿಗೂ ವಯಸ್ಸಾಗುತ್ತಿದೆ. ಯಾವ ಬೆಣೆ ಎಷ್ಟು ಬಗ್ಗಬೇಕು ಎಂಬುದನ್ನು ಒಂದು ಪುಸ್ತಕದಲ್ಲಿ ದಾಖಲಿಸಬೇಕು. ಅಕ್ಕನಿಗೆ ಬರೆಯುವ ಅಭ್ಯಾಸವಿಲ್ಲದ್ದರಿಂದ ಮೇಷ್ಟ್ರೇ ಬರೆದುಕೊಳ್ಳಬೇಕು.

ಒಂದು ವಾರ ಬಿಟ್ಟು ನಾನು ಮತ್ತೆ ಹೋದಾಗ ಪುಸ್ತಕ ಹನ್ನೆರಡನೇ ಬೆಣೆಯವರೆಗೆ ಬಂದಿದೆ. ಮೇಷ್ಟ್ರು ಸ್ಕೇಲು, ಕೋನಮಾಪಕ, ಭೂತಗನ್ನಡಿ ಎಲ್ಲ ತಂದಿದ್ದಾರೆ. ಮುತ್ತಿನಂಥ ಅಕ್ಷರದಲ್ಲಿ ಬರೆದಿರುವುದು ಹೀಗಿದೆ: "ಬೆಣೆ ಒಂದು: ಸ್ವಲ್ಪ. ಬೆಣೆ ಎರಡು: ಇನ್ನೂ ಸ್ವಲ್ಪ. ಬೆಣೆ ಮೂರು: ಅಷ್ಟು ಬೇಡ. ಬೆಣೆ ನಾಲ್ಕು: ಮಳೆಗಾಲದಲ್ಲಿ ಇದರ ತಂಟೆಗೆ ಹೋಗಬಾರದು. ಬೆಣೆ ಐದು: ಕೈಗೆ ಗೊತ್ತಾಗುತ್ತದೆ (ಯಾರ ಕೈಗೆ ಎಂದು ಕೇಳಲಾಗಿ, ಉತ್ತರ ಬಂದಿಲ್ಲ)."

ಬರೆದು ಮುಗಿಯುವುದು ಯಾವಾಗ ಎಂದು ಕೇಳಿದರೆ ಮೇಷ್ಟ್ರು ಮೂವತ್ತಾರು ವರ್ಷದ ಅನುಭವದ ಮೇಲೆ ಹೇಳುವುದಾದರೆ, ಈ ವಿದ್ಯಾರ್ಥಿ ಪಾಸಾಗುವುದು ಕಷ್ಟ ಎನ್ನುತ್ತಾರೆ. ವಿದ್ಯಾರ್ಥಿ ಅಂದರೆ ನಾನೇ ಎಂದು ಸೇರಿಸುತ್ತಾರೆ. ಆದರೂ ದಿನಾ ಬರುತ್ತಾರೆ. ಹತ್ತಡಿ ದೂರದಲ್ಲಿ, ಠರಾವಿಗೆ ತಪ್ಪದಂತೆ, ಸೀಮೆಸುಣ್ಣದ ಗೆರೆಯೊಂದರ ಆಚೆ ಕೂತು ಬರೆಯುತ್ತಾರೆ.

ನಿಮ್ಮ ಆಸೆ ಏನಕ್ಕ ಎಂದು ಕೊನೆಗೆ ಕೇಳುತ್ತೇನೆ. ಇಂಥ ಲೇಖನಗಳಲ್ಲಿ ಕೇಳಲೇಬೇಕು. ಬೆಣೆಯಕ್ಕ ಮೊದಲು ಗಟ್ಟಿ ಸ್ಟೂಲು ಬೇಕು ಎನ್ನುತ್ತಾರೆ. ಬರೆದುಕೊಳ್ಳುತ್ತೇನೆ. ಆಮೇಲೆ ಒಂದು ಬೆಣೆಯನ್ನು ತೂರಿಸಿ, ಹೆಬ್ಬೆರಳಿಟ್ಟು, ತಾವಾಗಿಯೇ ಮಾತಾಡುತ್ತಾರೆ.

"ನಾನು ಹೋದ್ಮೇಲೆ ಒಂದು ವರ್ಷ ಒಂದೇ ಒಂದು ಬೆಣೆನೂ ಬೀಳಬಾರದು. ಯಾರೋ ಒಬ್ಬರು, 'ಬೆಣೆಯಕ್ಕ ಈಚೆಗೆ ಕಾಣಲೇ ಇಲ್ಲವಲ್ಲ' ಅನ್ನಬೇಕು. ಆಗ ಇನ್ನೊಬ್ಬರು, 'ಅಯ್ಯೋ, ಆಕೆ ಹೋಗಿ ವರ್ಷ ಆಯ್ತಲ್ಲ' ಅನ್ನಬೇಕು. ಅಷ್ಟು ಬಿಗಿಯಾಗಿ ಹಾಕಿಟ್ಟು ಹೋಗಬೇಕು."